ಆರ್ ಭಾಷೆ: ಸೆಲೆಕ್ಟ್ ಇದ್ದಕ್ಕಿದ್ದಂತೆ ಕೈಕೊಟ್ಟಿದೆ

ನಾಪೋಕ್ಲು ತೋಟ:
ತೋಟದ ಮಳೆ ಪುಸ್ತಕವನ್ನು ಸಿಎಸ್‌ವಿ ಕಡತಕ್ಕೆ ಏರಿಸಿದ್ದೇನೆ. ವರ್ಷಕ್ಕೊಂದು ಸಾಲು, ತಿಂಗಳಿಗೊಂದು ಕಾಲಂ, ಕೊನೆಗೆ ರೊಬಸ್ಟಾ ಕಾಫಿಯ ಇಳುವರಿ. ಹೂಮಳೆಯ (ಕಾಫಿ ಹೂ ಅರಳಿಸುವ ಮಳೆ) ಲೆಕ್ಕಕ್ಕೆ ಎರಡೇ ಕಾಲಂ ಸಾಕೆಂದು, ಅಂಕಿಅಂಶದ ಭಾಷೆಯಾದ ಆರ್‌ನಲ್ಲಿ, ಕಾಲಂ ಆರಿಸುವ ಡಿಪ್ಲೈಆರ್ ಪ್ಯಾಕೇಜಿನ ಫಂಕ್ಷನ್ ಬಳಸಿ ಸೆಲೆಕ್ಟ್(ಮಳೆ, ಫೆಬ್ರವರಿ, ಮಾರ್ಚ್) ಎಂದು ಬರೆದಿದ್ದೆ. ನಿನ್ನೆಯವರೆಗೆ ನಡೆಯುತ್ತಿತ್ತು. ಈಗ ‘ಅನ್‌ಯೂಸ್ಡ್ ಆರ್ಗ್ಯುಮೆಂಟ್ಸ್’ (ಆವರಣದಲ್ಲಿ ಕೊಟ್ಟದ್ದರಲ್ಲಿ ಕೆಲವು ಬಳಕೆಯಾಗಿಲ್ಲ) ಎನ್ನುತ್ತಿದೆ. ಕಾಲಂ ಹೆಸರುಗಳೆಲ್ಲ ಸರಿಯಾಗಿಯೇ ಇವೆ.

ಪೊನ್ನಂಪೇಟೆ ಅಂಕಿ:
ಕಾಲಂ ಹೆಸರು ತಪ್ಪಿದ್ದರೆ ಅಂಥ ಕಾಲಂ ಇಲ್ಲ ಎನ್ನುತ್ತಿತ್ತು. ಇದು ಬೇರೆಯದೇ ತಕರಾರು. ಹೊಸದಾಗಿ ಮಾಸ್ ಎಂಬ ಪ್ಯಾಕೇಜ್ (ಆರ್‌ಗೆ ಸೇರಿಸುವ ಫಂಕ್ಷನ್‌ಗಳ ಕಟ್ಟು) ಸೇರಿಸಿದಿರಾ?

ನಾಪೋಕ್ಲು ತೋಟ:
ಹೌದು ಸರ್, ಡಿಪ್ಲೈಆರ್‌ನ ಕೆಳಗಿನ ಸಾಲಿನಲ್ಲಿ. ಇಳುವರಿಗೆ ಹೊಂದುವ ತಿಂಗಳುಗಳನ್ನು ಮಾಸ್‌ನ ಸ್ಟೆಪ್‌ಎಐಸಿ ಫಂಕ್ಷನ್‌ನಿಂದ ಆರಿಸೋಣ ಎಂದು.

ಪೊನ್ನಂಪೇಟೆ ಅಂಕಿ:
ಅಲ್ಲೇ ಇದೆ ಗಂಟು. ಮಾಸ್‌ನಲ್ಲಿಯೂ ಸೆಲೆಕ್ಟ್ ಎಂಬ ಫಂಕ್ಷನ್ ಇದೆ. ಅದು ರಿಡ್ಜ್ ರಿಗ್ರೆಶನ್ ಎಂಬ ಬೇರೆಯೇ ಲೆಕ್ಕದ ವಿಧಾನಕ್ಕೆ ಸಂಬಂಧಿಸಿದ್ದು, ಒಂದೇ ಆರ್ಗ್ಯುಮೆಂಟ್ ಒಪ್ಪುತ್ತದೆ. ಕೊನೆಗೆ ಲೋಡ್ ಆದ ಪ್ಯಾಕೇಜ್ ಹಳೆಯದನ್ನು ಮರೆಮಾಡುತ್ತದೆ, ಹಾಗಾಗಿ ನಿಮ್ಮ ಫೆಬ್ರವರಿ, ಮಾರ್ಚ್ ಎರಡೂ ಅದಕ್ಕೆ ಬೇಡದ ಸಾಮಾನು. ಲೋಡ್ ಮಾಡುವಾಗ ‘ಮಾಸ್ಕ್ಡ್’ ಎಂಬ ಸಂದೇಶ ಬಂದೇ ಇರುತ್ತದೆ. ಅದನ್ನು ಓದುವವರು ಅಪರೂಪ. ಸೆಲೆಕ್ಟ್ ಎಂದಷ್ಟೇ ಟೈಪ್ ಮಾಡಿ ಎಂಟರ್ ಒತ್ತಿದರೆ ಅದು ಯಾವ ಪ್ಯಾಕೇಜಿನದು ಎಂದು ಕೊನೆಯ ಸಾಲಿನಲ್ಲಿ ಕಾಣಿಸುತ್ತದೆ.

ಡಿಪ್ಲೈಆರ್::ಸೆಲೆಕ್ಟ್(ಮಳೆ, ಫೆಬ್ರವರಿ, ಮಾರ್ಚ್) ಎಂದು ಬರೆಯಿರಿ. ಕೊಡವರಲ್ಲಿ ಮೊದಲು ಮನೆತನದ ಹೆಸರು, ಆಮೇಲೆ ವ್ಯಕ್ತಿಯ ಹೆಸರು ಹೇಳುವ ಹಾಗೆ. 2019ರಲ್ಲಿ ಬಂದ ಆರ್ 3.6.0 ಆವೃತ್ತಿಯಿಂದೀಚೆಗೆ, ಮಾಸ್ ಲೋಡ್ ಮಾಡುವ ಸಾಲಿನಲ್ಲೇ ಎಕ್ಸ್‌ಕ್ಲೂಡ್ ಕೊಟ್ಟು ಅದರ ಸೆಲೆಕ್ಟನ್ನು ಹೊರಗಿಡಲೂಬಹುದು.

ನನ್ನನ್ನು ಕೇಳಿದರೆ ಮಾಸ್ ಬೇಕಾಗಿಯೇ ಇಲ್ಲ. ತಿಂಗಳು ಆರಿಸಲು ಆರ್ ಜೊತೆಗೇ ಬರುವ ಸ್ಟೆಪ್ ಫಂಕ್ಷನ್ ಸಾಕು. ಅದೂ ಹನ್ನೆರಡು ತಿಂಗಳನ್ನು ಕೆಲವೇ ವರ್ಷಗಳ ಇಳುವರಿಯ ಎದುರು ನಿಲ್ಲಿಸಿದರೆ ಯಾವುದೋ ಒಂದು ತಿಂಗಳು ಸುಮ್ಮನೆ ಹೊಂದಿಕೊಂಡುಬಿಡುತ್ತದೆ. ಹೂಮಳೆಯ ತಿಂಗಳುಗಳನ್ನು ನೀವೇ ಆರಿಸಿದ್ದು ಅದಕ್ಕಿಂತ ಮೇಲು.

ನಾಪೋಕ್ಲು ತೋಟ:
ಬಂತು ಸರ್! ಇನ್ನೊಂದು: ಚೌಕ ಆವರಣದಲ್ಲಿ ಮಾರ್ಚ್ ಒಂದನ್ನೇ ತೆಗೆದು ಕಾಲ್‌ಮೀನ್ಸ್‌ಗೆ (ಕಾಲಂಗಳ ಸರಾಸರಿ ಕೊಡುವ ಫಂಕ್ಷನ್) ಕೊಟ್ಟರೆ ಎರಡು ಆಯಾಮ ಬೇಕು ಎನ್ನುತ್ತದೆ.

ಸೋಮವಾರಪೇಟೆ ಮಳೆಮಾಪಕ:
ಒಂದೇ ಕಾಲಂ ತೆಗೆದರೆ ಡೇಟಾ ಫ್ರೇಮ್ ಹೋಗಿ ಬರಿಯ ವೆಕ್ಟರ್ ಉಳಿಯುತ್ತದೆ. ಆವರಣದೊಳಗೆ ಡ್ರಾಪ್ = ಫಾಲ್ಸ್ ಸೇರಿಸಿ; ಡಿಪ್ಲೈಆರ್‌ನ ಸೆಲೆಕ್ಟ್ ಬಳಸಿದರೆ ಅದೂ ಬೇಡ. ಸರಾಸರಿಗೆ ಮೊದಲು ಪುಸ್ತಕವನ್ನೊಮ್ಮೆ ನೋಡಿಕೊಳ್ಳಿ. ಒಂದು ಇಂಚು ಐದು ಸೆಂಟನ್ನು (ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ) 1.5 ಎಂದು ಏರಿಸಿದ್ದರೆ 1.05 ಎಂದು ತಿದ್ದಬೇಕು. ಆರ್ ಅದನ್ನು ತಪ್ಪೆಂದು ಹೇಳುವುದಿಲ್ಲ.