1987ರ ಎನ್‌ಎಫ್‌ಎಲ್ ಮುಷ್ಕರ: ಬದಲಿ ಆಟಗಾರರ 3 ಗೆಲುವು ಕಳೆದರೆ ವಾಷಿಂಗ್ಟನ್ ಎಲ್ಲಿ ನಿಲ್ಲುತ್ತೆ?

ಹಳೇ_ಸ್ಕೋರ್‌ಕಾರ್ಡ್:
ಅಮೆರಿಕನ್ ಫುಟ್‌ಬಾಲ್‌ನ ಲೀಗ್ ಆದ ಎನ್‌ಎಫ್‌ಎಲ್‌ನ 1987ರ ಪಟ್ಟಿಯಲ್ಲಿ ವಾಷಿಂಗ್ಟನ್ ರೆಡ್‌ಸ್ಕಿನ್ಸ್ ಹೆಸರಿನ ಮುಂದೆ 11–4 (ಗೆಲುವು–ಸೋಲು) ಎಂದಿದೆ. ಒಟ್ಟು 15 ಪಂದ್ಯ. ಆಗ 16 ಇರಬೇಕಿತ್ತಲ್ಲ? ಈ 11ರಲ್ಲಿ 3 ಗೆಲುವು, ಆಟಗಾರರ ಸಂಘದ ಮುಷ್ಕರದ ಹೊತ್ತಿನಲ್ಲಿ ಆಡಿದ ಬದಲಿ ಆಟಗಾರರದು. ಅವನ್ನೇಕೆ ಲೆಕ್ಕಕ್ಕೆ ಹಿಡಿದರು? ತೆಗೆದುಬಿಟ್ಟರೆ ಪ್ಲೇಆಫ್ (ಸೀಸನ್ ಕೊನೆಯ ನಾಕೌಟ್ ಸುತ್ತು) ಎಷ್ಟು ಅದಲು ಬದಲಾಗುತ್ತೆ? ಆ ಸೀಸನ್‌ನ ಫೈನಲ್ ಆದ ಸೂಪರ್ ಬೌಲ್ ಅನ್ನು ವಾಷಿಂಗ್ಟನ್ ಗೆದ್ದಿತಲ್ಲ, ಅದನ್ನು "ಮುಷ್ಕರದ ಪುಣ್ಯದಿಂದ ಗೆದ್ದ ಸೂಪರ್ ಬೌಲ್" ಅನ್ನುವವರಿಗೆ ಏನು ಉತ್ತರ?

ಗಜಲೆಕ್ಕ:
ಒಂದು ಪಂದ್ಯ ರದ್ದಾಯಿತು. ಎರಡು ವಾರದ ಆಟ ಮುಗಿದ ಮೇಲೆ ಸೆಪ್ಟೆಂಬರ್ 22ಕ್ಕೆ ಮುಷ್ಕರ ಶುರುವಾಯಿತು, ಮೂರನೇ ವಾರವನ್ನು ಪೂರ್ತಿ ಕೈಬಿಟ್ಟರು. ಬದಲಿ ತಂಡ ಕಟ್ಟಿಕೊಳ್ಳಲು ಮಾಲೀಕರಿಗೆ ಸಿಕ್ಕ ಬಿಡುವು ಅದೇ. 4, 5, 6ನೇ ವಾರ ಬದಲಿಯವರು ಆಡಿದರು. 1982ರಲ್ಲಿ 57 ದಿನ ಮುಷ್ಕರ ನಡೆದು ಸೀಸನ್ 9 ಪಂದ್ಯಕ್ಕೆ ಇಳಿದಿತ್ತು. ಆ ಪೆಟ್ಟು ನೆನಪಿದ್ದ ಮಾಲೀಕರು ಈ ಸಲ ಟಿವಿ ಪರದೆ ಖಾಲಿ ಬಿಡಲು ತಯಾರಿರಲಿಲ್ಲ. ಲೆಕ್ಕಕ್ಕಿಲ್ಲದ ಪಂದ್ಯವನ್ನು ಯಾರು ನೋಡುತ್ತಾರೆ? ಹಾಗಾಗಿ ಫಲಿತಾಂಶ, ಅಂಕಿಅಂಶ ಎಲ್ಲವೂ ಅಧಿಕೃತ.

ಈಗ ಕಳೆಯೋಣ. ವಾಷಿಂಗ್ಟನ್ ಇದ್ದ ಗುಂಪು, ಅಂದರೆ ಪೂರ್ವ ಡಿವಿಷನ್‌ನಲ್ಲಿ ಖಾಯಂ ಆಟಗಾರರ ಲೆಕ್ಕ ಮಾತ್ರ ಹಿಡಿದರೆ ವಾಷಿಂಗ್ಟನ್ 8–4, ಫಿಲಡೆಲ್ಫಿಯಾ 7–5, ಸೇಂಟ್ ಲೂಯಿಸ್ 6–6, ನ್ಯೂಯಾರ್ಕ್ ಜೈಂಟ್ಸ್ 6–6, ಡಲ್ಲಾಸ್ 5–7. ಮೊದಲ ಸ್ಥಾನ ಕದಲುವುದಿಲ್ಲ, ಆದರೆ 4 ಗೆಲುವಿನ ಅಂತರ ಒಂದಕ್ಕೆ ಬಂದು ನಿಲ್ಲುತ್ತದೆ. ಮಧ್ಯ ಡಿವಿಷನ್‌ನಲ್ಲಿ ಶಿಕಾಗೋ 9–3, ಮಿನೆಸೋಟಾ 8–4. ಅಂದರೆ ಎನ್‌ಎಫ್‌ಸಿಯಿಂದ (ಲೀಗ್‌ನ ಎರಡು ಭಾಗಗಳಲ್ಲಿ ವಾಷಿಂಗ್ಟನ್ ಇರುವ ಭಾಗ) ಪ್ಲೇಆಫ್‌ಗೆ ಹೋಗುವ ಐದು ತಂಡಗಳಲ್ಲಿ ಯಾವುದೂ ಬದಲಾಗುವುದಿಲ್ಲ.

ಗಂಟು ಬೀಳುವುದು ಪಶ್ಚಿಮದಲ್ಲಿ. ಸ್ಯಾನ್ ಫ್ರಾನ್ಸಿಸ್ಕೋ (49ಅರ್ಸ್) 13–2, ನ್ಯೂ ಆರ್ಲಿಯನ್ಸ್ (ಸೇಂಟ್ಸ್) 12–3 ಇದ್ದದ್ದು ಎರಡೂ 10–2 ಆಗುತ್ತವೆ. ಪರಸ್ಪರ ಒಂದೊಂದು ಗೆದ್ದಿದ್ದರಿಂದ ಮುಂದಿನ ಟೈಬ್ರೇಕರ್ (ಸಮವಾದಾಗ ಯಾರು ಮೇಲೆಂದು ತೀರ್ಮಾನಿಸುವ ನಿಯಮ) ನೋಡಬೇಕಿತ್ತು. ಮುಷ್ಕರದ ಲಾಭ ಯಾರಿಗಾಯಿತು ಎಂದು ಕೇಳುವುದಾದರೆ ಕೇಳಬೇಕಾದದ್ದು 49ಅರ್ಸ್‌ನವರನ್ನು. ಅವರ ಬದಲಿ ತಂಡ 3–0, ಸೇಂಟ್ಸ್‌ನದು 2–1. ಅಲ್ಲದೆ 49ಅರ್ಸ್‌ನ ಖಾಯಂ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆದು ಆಟ ನಡೆಸುವವ) ಜೋ ಮೊಂಟಾನಾ ಮುಷ್ಕರ ಮುರಿದು ಒಳಗೆ ಬಂದಿದ್ದರು.

ಎಡ_ಟ್ಯಾಕಲ್:
ಲೆಕ್ಕ ಸರಿ. ಆದರೆ ವಾಷಿಂಗ್ಟನ್‌ನ ಆ ಮೂರೂ ಪಂದ್ಯ ಡಿವಿಷನ್ ಎದುರಾಳಿಗಳ ಮೇಲೆ, ಅದನ್ನು ಬಿಟ್ಟಿರಿ. ಸೇಂಟ್ ಲೂಯಿಸ್ ಮೇಲೆ 28–21, ಜೈಂಟ್ಸ್ ಮೇಲೆ 38–12, ಡಲ್ಲಾಸ್ ಮೇಲೆ 13–7. ತಾವು ಗೆದ್ದದ್ದಷ್ಟೇ ಅಲ್ಲ, ಹಿಂದೆ ಬರುವವರಿಗೂ ಒಂದೊಂದು ಸೋಲು. ಡಿಸೆಂಬರ್ 13ರೊಳಗೆ ಖಾಯಂ ತಂಡ ಇದೇ ಮೂವರನ್ನು ಮತ್ತೆ ಸೋಲಿಸಿತು: ಜೈಂಟ್ಸ್ ಮೇಲೆ 23–19, ಸೇಂಟ್ ಲೂಯಿಸ್ ಮೇಲೆ 34–17, ಡಲ್ಲಾಸ್ ಮೇಲೆ 24–20. "ಪುಣ್ಯ" ಅನ್ನುವವರಿಗೆ ಈ ಮೂರು ಸ್ಕೋರ್ ಸಾಕು.

ಬದಲಿ ತಂಡಗಳು ಮೊದಲು ಮುಗ್ಗರಿಸುವುದು ಆಫೆನ್ಸಿವ್ ಲೈನ್‌ನಲ್ಲಿ, ಅಂದರೆ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಐವರ ಸಾಲಿನಲ್ಲಿ. ಬ್ಲಿಟ್ಜ್ (ಎದುರಾಳಿಗಳು ಹೆಚ್ಚು ಜನರನ್ನು ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿಸುವುದು) ಬಂದಾಗ ಯಾರನ್ನು ಯಾರು ತಡೆಯಬೇಕೆಂದು ಐದು ಜನ ಒಂದೇ ಕ್ಷಣದಲ್ಲಿ ತೀರ್ಮಾನಿಸಬೇಕು. ಮುಷ್ಕರ ಶುರುವಾಗಿ ಮೊದಲ ಬದಲಿ ಪಂದ್ಯಕ್ಕೆ ಇದ್ದದ್ದು 12 ದಿನ, ಅಷ್ಟರಲ್ಲಿ ಅದು ಕೂಡಿಬರುವುದಿಲ್ಲ. 49ಅರ್ಸ್ ತರಬೇತುದಾರ ಬಿಲ್ ವಾಲ್ಶ್ ಅಂಥವರೇ ಜೈಂಟ್ಸ್ ಎದುರು ಕಾಲೇಜಿನ ವಿಶ್‌ಬೋನ್ (ಓಟವನ್ನೇ ನಂಬಿದ ವಿನ್ಯಾಸ) ಆಟಕ್ಕೆ ಇಳಿದರು. ಚೆಂಡು ಹಿಡಿದು ಓಡುವುದು ಸುಲಭ, ಪಾಸ್ ಮಾಡುವವನನ್ನು ಕಾಯುವುದು ಕಷ್ಟ. ವಾಷಿಂಗ್ಟನ್ ಮಾತ್ರ ಪಾಸ್ ಬಿಡಲಿಲ್ಲ. ಎಡ್ ರಬರ್ಟ್ ಕ್ವಾರ್ಟರ್‌ಬ್ಯಾಕ್ ಆಗಿದ್ದ ಮೊದಲ ಪಂದ್ಯದಲ್ಲೇ ಆಂಥನಿ ಆಲನ್ ಪಾಸ್ ಹಿಡಿದು 255 ಗಜ ಗಳಿಸಿ ಕ್ಲಬ್ ದಾಖಲೆ ಬರೆದ. ಹೊರಗಿನಿಂದ ಆಟಗಾರರನ್ನು ಹುಡುಕಿ ತಂದವರು ಜನರಲ್ ಮ್ಯಾನೇಜರ್ ಬಾಬಿ ಬೆಥರ್ಡ್, ತರಬೇತಿ ಜೋ ಗಿಬ್ಸ್.

ಪಕ್ಕದಲ್ಲೇ ಫಿಲಡೆಲ್ಫಿಯಾ ನೋಡಿ. ಬದಲಿ ಆಟವೆಂದರೆ ಅಲ್ಲಿನ ತರಬೇತುದಾರ ಬಡ್ಡಿ ರಯಾನ್‌ಗೆ ತಾತ್ಸಾರ. ಶಿಕಾಗೋ ಎದುರಿನ ತವರಿನ ಪಂದ್ಯಕ್ಕೆ ಬಂದವರು 4,074 ಜನ, ಫಲಿತಾಂಶ 3–35. ಮೂರೂ ಸೋತು ಸೀಸನ್ 7–8ಕ್ಕೆ ಮುಗಿಯಿತು.

ಹಳೇ_ಸ್ಕೋರ್‌ಕಾರ್ಡ್:
ವಾಷಿಂಗ್ಟನ್‌ನ ಖಾಯಂ ಆಟಗಾರರಲ್ಲಿ ಒಬ್ಬರೂ ಮುಷ್ಕರ ಮುರಿಯಲಿಲ್ಲ ಅಂತಾರೆ, ನಿಜವೇ? ಕೊನೆಗೆ ಸಂಘಕ್ಕೆ ಸಿಕ್ಕಿದ್ದೇನು?

ನಾಲ್ಕನೇ_ಡೌನ್:
ನಿಜ, ಒಬ್ಬರೂ ಇಲ್ಲ. ಅಕ್ಟೋಬರ್ 19ರ ಸೋಮವಾರ ರಾತ್ರಿ ಡಲ್ಲಾಸ್ ಪರ ಡ್ಯಾನಿ ವೈಟ್, ಟೋನಿ ಡಾರ್ಸೆಟ್, ರ‍್ಯಾಂಡಿ ವೈಟ್ ಅಂಥ, ಮುಷ್ಕರ ಮುರಿದು ಬಂದ ಖಾಯಂ ಹೆಸರುಗಳಿದ್ದವು. ಎದುರಿಗಿದ್ದವರು ವಾಷಿಂಗ್ಟನ್‌ನ ಅಪ್ಪಟ ಬದಲಿಯವರು, ಗೆದ್ದವರೂ ಅವರೇ. ಅವರಿಗೆ ಸೂಪರ್ ಬೌಲ್ ಉಂಗುರ ಸಿಕ್ಕಿದ್ದು ಮಾತ್ರ 2018ರಲ್ಲಿ.

ಸಂಘಕ್ಕೆ ಆಗ ಏನೂ ಸಿಗಲಿಲ್ಲ. ಮುಖ್ಯ ಬೇಡಿಕೆ ಫ್ರೀ ಏಜೆನ್ಸಿ, ಅಂದರೆ ಒಪ್ಪಂದ ಮುಗಿದವನು ಬೇಕಾದ ತಂಡಕ್ಕೆ ಹೋಗುವ ಹಕ್ಕು. ಲೀಗ್ ಜೊತೆ ಒಪ್ಪಂದವೇ ಇಲ್ಲದೆ ಅಕ್ಟೋಬರ್ 15ಕ್ಕೆ ವಾಪಸಾಗಿ, ಅದೇ ದಿನ ಮಿನಿಯಾಪೊಲಿಸ್‌ನಲ್ಲಿ ಲೀಗ್ ಮೇಲೆ ದಾವೆ ಹೂಡಿದರು. ಹಕ್ಕು ಕೈಗೆ ಬಂದದ್ದು 1993ರ ಒಪ್ಪಂದದಲ್ಲಿ.

ಜೇಬಿನ ಲೆಕ್ಕವೂ ಇರಲಿ. ಸಂಬಳ ವಾರಕ್ಕೊಂದು ಚೆಕ್‌ನಂತೆ 16 ಕಂತು. ರದ್ದಾದ ವಾರ ಒಂದು, ಬದಲಿಯವರು ಆಡಿದ ವಾರ ಮೂರು, ಒಟ್ಟು 4 ಚೆಕ್ ಹೋಯಿತು, ಅಂದರೆ ವರ್ಷದ ಕಾಲು ಭಾಗ. ಕೊನೆಯದು ಹೋದದ್ದು ಒಂದು ದಿನ ತಡವಾಗಿ ಬಂದದ್ದಕ್ಕೆ. ಮಾಲೀಕರ ಗಡುವು ಬುಧವಾರ ಮಧ್ಯಾಹ್ನ 1 ಗಂಟೆ, ಆಟಗಾರರು ಬಂದದ್ದು ಗುರುವಾರ, ಅಕ್ಟೋಬರ್ 15.