ಸಿಗರೇಟಿಗೆ 40, ಬೀಡಿಗೆ 18: ಇದ್ಯಾವ ನ್ಯಾಯ?

ಜಯನಗರದ ಜಗ್ಗ: 2025ರ ಸೆಪ್ಟೆಂಬರಲ್ಲಿ ಜಿಎಸ್‌ಟಿ ಮಂಡಳಿ ಸಿಗರೇಟನ್ನ ಶೇ 40ರ ಪಟ್ಟಿಗೆ ಹಾಕ್ತು, ಬೀಡಿಯನ್ನ 28ರಿಂದ 18ಕ್ಕೆ ಇಳಿಸ್ತು. ತಂಬಾಕಿನ ಕಾಯಿಲೆಗಳಿಂದ 2017-18ರಲ್ಲಿ ದೇಶಕ್ಕಾದ ನಷ್ಟ 1.77 ಲಕ್ಷ ಕೋಟಿ ರೂಪಾಯಿ. ತೆರಿಗೆ ಏರಿದ್ರೆ ಆಸ್ಪತ್ರೆ ಖರ್ಚು ಇಳಿಯುತ್ತೆ. ಬೀಡಿ ಮೇಲೆ ಯಾಕೀ ಅಕ್ಕರೆ?

ಸಿಂಗಲ್ ಸೀನ: "ಆಸ್ಪತ್ರೆ ಖರ್ಚು ಇಳಿಯುತ್ತೆ" ಅಂತೆ! 1997ರಲ್ಲೇ ನೆದರ್ಲೆಂಡ್ಸ್‌ನವರು ಲೆಕ್ಕ ಹಾಕಿದಾರೆ: ಸೇದೋರು ಬೇಗ ಹೋಗ್ತಾರೆ, ಹಾಗಾಗಿ ಜೀವಮಾನದ ಚಿಕಿತ್ಸಾ ವೆಚ್ಚ ಸೇದದೋರದ್ದೇ ಜಾಸ್ತಿ.

ಜಯನಗರದ ಜಗ್ಗ: ಬೇಗ ಸಾಯ್ತೀನಿ ಅಂತ ಮೀಸೆ ತಿರುವೋರನ್ನ ಇವತ್ತೇ ನೋಡಿದ್ದು. ಆ 1.77 ಲಕ್ಷ ಕೋಟಿಯಲ್ಲಿ ಚಿಕಿತ್ಸೆ ಕಾಲು ಭಾಗವೂ ಅಲ್ಲ. ಮಿಕ್ಕಿದ್ದು ಕಾಯಿಲೆ, ಸಾವಿಂದ ಕೈತಪ್ಪಿದ ದುಡಿಮೆ.

ಸಿಂಗಲ್ ಸೀನ: "ಕಾಲು ಭಾಗವೂ ಅಲ್ಲ." ನೀವೇ ಒಪ್ಕೊಂಡ್ರಿ. ಕೇಸ್ ಕ್ಲೋಸ್.

ಕುಡ್ಲದ ಕೂಸು: ಜಗ್ಗ ಅವರೇ, "ಅಕ್ಕರೆ" ಅಂದದ್ದು ಯಾರಿಗೆ? ನನ್ನಮ್ಮ ತಡ್ಪೆ (ಮೊರ) ಮಡಿಲಲ್ಲಿಟ್ಟು ಬೀಡಿ ಕಟ್ಟಿ ನನ್ನನ್ನು ಓದಿಸಿದ್ದು. ಬೀಡಿ ಕಂಪೆನಿಯ ಬ್ರಾಂಚಿನಲ್ಲಿ ಎಲೆ ಕಮ್ಮಿ ಕೊಟ್ಟು, ಕಟ್ಟಿದ್ದರಲ್ಲೂ ಹಾಳು ಅಂತ ತೆಗೆದು ಬಿಸಾಡ್ತಿದ್ರು.

ಜಯನಗರದ ಜಗ್ಗ: ನಿಮ್ಮಮ್ಮನ ಬಗ್ಗೆ ಗೌರವ ಇದೆ. ತೆರಿಗೆ ಇಳಿಸಿದ್ರೆ ಸಾವಿರ ಬೀಡಿಯ ಮಜೂರಿ ತಾನಾಗೇ ಏರುತ್ತಾ?

ಕುಡ್ಲದ ಕೂಸು: ಗೌರವವಂತೆ! ಅನ್ನದ ಬಟ್ಟಲಿಗೇ ಕೈ ಹಾಕಿ ಎಂಥ ಗೌರವ ಮಾರಾಯ್ರೆ?

ಹುಣಸೂರು ಹೈದ: ಅನ್ನ ಬರೀ ಬೀಡಿಯವ್ರಿಗಾ? ಸೊಪ್ಪು ಒಣಗ್ಸೋ ಬ್ಯಾರನ್ ಮುಂದೆ ನಿದ್ದೆಗೆಟ್ಟು ಹೊಗೆಸೊಪ್ಪು ಬೇಯಿಸೋರು ನಾವು. ಸಿಗರೇಟಿಗೆ ತೆರಿಗೆ ಬಿದ್ರೆ ಹರಾಜಲ್ಲಿ ರೇಟು ಕುಸಿಯೋದು ನಮ್ಗೆ ಕಣಕ್ಕಾ.

ಕುಡ್ಲದ ಕೂಸು: ನಿಮಗೆ ತಂಬಾಕು ಮಂಡಳಿ ಉಂಟು, ಹರಾಜು ಕಟ್ಟೆ ಉಂಟು. ಅಮ್ಮನಿಗೆ ಎಂಥ ಉಂಟು?

ಹುಣಸೂರು ಹೈದ: ಮಂಡಳಿ ಉಂಟಂತೆ! ಒಂದಿನ ಬಂದು ಹರಾಜು ಕಟ್ಟೇಲಿ ನಿಂತ್ಕೊಂಡು ನೋಡಿ.

ಧಾರವಾಡ ಬಸಣ್ಣ: ಬರೇ ಸೇದೋದ್ರ ಮಾತ ಆತಲ್ರಿ. 2016-17ರ ಸಮೀಕ್ಷೆಯೊಳಗ ನಮ್ಮ ರಾಜ್ಯದಾಗ ಸೇದಾವ್ರು ಶೇ 8.8, ಹೊಗಿ ಇಲ್ಲದ ತಂಬಾಕದವ್ರು 16.3. ಗುಟ್ಕಾ 2013ರಾಗ ಬಂದ್ ಆಗೇತಿ. ಬಸ್ ಸ್ಟ್ಯಾಂಡಿನ ಗ್ವಾಡಿಗೆ ಯಾರರ ಹೇಳ್ರಿ.

ಕುಡ್ಲದ ಕೂಸು: ಜಗ್ಗ ಅವರೇ, ಬಟ್ಟಲಿನ ಪ್ರಶ್ನೆಗೆ ಉತ್ತರ ಬರ್ಲಿಲ್ಲ.

ಜಯನಗರದ ಜಗ್ಗ: ಮಜೂರಿ ಪ್ರಶ್ನೆಗೆ ನಿಮ್ಮುತ್ತರ ಮೊದಲು ಬರಲಿ. ಮತ್ತೆ ಸೀನ, ನಿಮಗೆ "ಸಿಂಗಲ್" ಅನ್ನೋ ಹೆಸರು ಹೇಗೆ ಬಂತು?

ಸಿಂಗಲ್ ಸೀನ: ಮೊದಲು ಪ್ಯಾಕ್ ತಗೋತಿದ್ದೆ. ರೇಟು ನೋಡಿ ಪೆಟ್ಟಿಗೆ ಅಂಗಡೀಲಿ ಒಂದೊಂದೇ ತಗೊಳ್ಳೋಕೆ ಶುರು ಮಾಡ್ದೆ.

ಜಯನಗರದ ಜಗ್ಗ: ದಿನಕ್ಕೆಷ್ಟು ಈಗ?

ಸಿಂಗಲ್ ಸೀನ: ಅದು ನನ್ನ ಸ್ವಂತ ವಿಷ್ಯ. ನೆದರ್ಲೆಂಡ್ಸ್ ಲೆಕ್ಕಕ್ಕೆ ಉತ್ತರ ಕೊಡಿ.