ಹೊರಾಂಗಣ ಆಂಟೆನಾ: ಉಳಿದ ಚಾನೆಲ್‌ಗಳು ಬರುತ್ತವೆ, ಫಿಲಡೆಲ್ಫಿಯಾದ 6 ಮಾತ್ರ ಇಲ್ಲ

ಪ್ರಶ್ನೆ:
ನಮಸ್ಕಾರ. ಫಿಲಡೆಲ್ಫಿಯಾದ ಹೊರವಲಯದಲ್ಲಿರುವ ನಮ್ಮ ಮನೆಗೆ ಕೇಬಲ್ ಸಂಪರ್ಕ ಬೇಡವೆಂದು ಛಾವಣಿಯ ಮೇಲೆ ಆಂಟೆನಾ ನಿಲ್ಲಿಸಿ, ಅದನ್ನು ರಾಕ್ಸ್‌ಬರೋದ ಟಿವಿ ಪ್ರಸಾರ ಗೋಪುರಗಳ ಕಡೆಗೆ ತಿರುಗಿಸಿದ್ದೇನೆ. ಕಂಬದ ಮೇಲೆ ಸಂಕೇತವನ್ನು ಬಲಪಡಿಸುವ ಆಂಪ್ಲಿಫೈಯರ್ ಇದೆ; ಅಲ್ಲಿಂದ ಆರ್‌ಜಿ-6 ಎಂಬ ಟಿವಿ ಕೇಬಲ್ ಒಳಗೆ ಬಂದು, ಸಂಕೇತವನ್ನು ಹಂಚುವ ಸ್ಪ್ಲಿಟರ್ ಮೂಲಕ ಎರಡು ಟಿವಿಗಳಿಗೆ ಹೋಗುತ್ತದೆ. 3, 10 ಮತ್ತು 29 ಸ್ಪಷ್ಟವಾಗಿ ಬರುತ್ತವೆ, ಆದರೆ 6 ಸ್ಕ್ಯಾನ್‌ನಲ್ಲಿ ಸಿಗುವುದೇ ಇಲ್ಲ. ಸಂಜೆಯ ಸುದ್ದಿಗೆ ಮನೆಯವರೆಲ್ಲರೂ ನೋಡಬಯಸುವುದು ಅದನ್ನೇ. ಆಂಟೆನಾದ ದಿಕ್ಕು ತಪ್ಪಿದೆಯೇ, ಅಥವಾ ಇನ್ನೂ ದೊಡ್ಡ ಆಂಪ್ಲಿಫೈಯರ್ ಬೇಕೇ?

ಉತ್ತರ:
ದಿಕ್ಕು ತಪ್ಪಿದ್ದರೆ ಅದೇ ಕಡೆಯಿಂದ ಬರುವ ಉಳಿದ ಚಾನೆಲ್‌ಗಳೂ ಕೆಡಬೇಕಿತ್ತು. ಆದ್ದರಿಂದ ಆಂಟೆನಾವನ್ನು ಅಲುಗಿಸಬೇಡಿ. ಟಿವಿ ತೋರಿಸುವ ಸಂಖ್ಯೆಯೂ ಕೇಂದ್ರವು ನಿಜವಾಗಿ ಬಳಸುವ ಆವರ್ತನವೂ ಒಂದೇ ಆಗಿರಬೇಕೆಂದಿಲ್ಲ. 2009ರ ಜೂನ್ 12ರಂದು ಹಳೆಯ ಅನಲಾಗ್ ಪ್ರಸಾರ ನಿಂತು ಡಿಜಿಟಲ್ ಉಳಿದಾಗ 3, 10, 29 ಯುಎಚ್‌ಎಫ್‌ನಲ್ಲೇ (ಹೆಚ್ಚಿನ ಆವರ್ತನಗಳ ಪಟ್ಟಿಯಲ್ಲೇ) ಉಳಿದವು; 6 ಮಾತ್ರ ತನ್ನ ಹಳೆಯ ಜಾಗಕ್ಕೆ, ಅಂದರೆ ಕಡಿಮೆ ಆವರ್ತನಗಳ ವಿಎಚ್‌ಎಫ್ ಪಟ್ಟಿಯ 82ರಿಂದ 88 ಮೆಗಾಹರ್ಟ್ಸ್‌ಗೆ ಮರಳಿತು. ಆಂಟೆನಾದ ಕಡ್ಡಿ ಸಾಮಾನ್ಯವಾಗಿ ಹಿಡಿಯಬೇಕಾದ ತರಂಗದ ಅರ್ಧದಷ್ಟು ಉದ್ದವಿರಬೇಕು; 6ರಲ್ಲಿ ಆ ಅರ್ಧ ತರಂಗದ ಉದ್ದ ಸುಮಾರು 1.75 ಮೀಟರ್, ಯುಎಚ್‌ಎಫ್‌ನಲ್ಲಿ ಅದು ಸುಮಾರು 30 ಸೆಂಟಿಮೀಟರ್ ಮಾತ್ರ. ನಿಮ್ಮ ಆಂಟೆನಾದಲ್ಲಿ ಸುಮಾರು 1.75 ಮೀಟರ್ ಅಗಲಕ್ಕೆ ಚಾಚಿದ ಕಡ್ಡಿಗಳಿವೆಯೇ ಎಂದು ಮೊದಲು ನೋಡಿ.

ಇದ್ದರೆ, ನನ್ನ ಅನುಮಾನ ಆಂಪ್ಲಿಫೈಯರಿನ ಮೇಲೆ. ಎಫ್‌ಎಂ ರೇಡಿಯೊ ಪಟ್ಟಿ ಆರಂಭವಾಗುವುದು 6 ಮುಗಿಯುವ 88 ಮೆಗಾಹರ್ಟ್ಸ್‌ನಲ್ಲೇ. ಹಾಗಾಗಿ ಆಂಪ್ಲಿಫೈಯರಿನಲ್ಲಿರುವ ಎಫ್‌ಎಂ ತಡೆಯುವ ಫಿಲ್ಟರ್ ಚಾಲೂ ಇದ್ದರೆ ಅದು ಪಕ್ಕದ 6ನ್ನೂ ಕತ್ತರಿಸಬಲ್ಲದು. ಅನೇಕ ಮಾದರಿಗಳಲ್ಲಿ ಇದಕ್ಕೊಂದು ಸಣ್ಣ ಸ್ವಿಚ್ ಇರುತ್ತದೆ. ಅದನ್ನು ಆಫ್ ಮಾಡಿ, ಟಿವಿಯಲ್ಲಿ ಮತ್ತೆ ಸ್ಕ್ಯಾನ್ ಮಾಡಿ. ದೊಡ್ಡ ಆಂಪ್ಲಿಫೈಯರ್ ಕೊಳ್ಳುವ ಯೋಚನೆಯನ್ನು ದಯವಿಟ್ಟು ಬಿಡಿ: ಗೋಪುರಗಳು ಹತ್ತಿರವಿರುವಾಗ ಅದರಿಂದ ಹಾನಿಯೇ ಹೆಚ್ಚು. ಈಗಿರುವ ಆಂಪ್ಲಿಫೈಯರ್ ಇಲ್ಲದೆ ಪರೀಕ್ಷಿಸುವುದಾದರೆ ವಿದ್ಯುತ್ ನಿಲ್ಲಿಸಿದರಷ್ಟೇ ಸಾಲದು, ಏಕೆಂದರೆ ವಿದ್ಯುತ್ ಇಲ್ಲದ ಆಂಪ್ಲಿಫೈಯರ್ ಸಾಮಾನ್ಯವಾಗಿ ಸಂಕೇತವನ್ನೇ ತಡೆಯುತ್ತದೆ. ಅದನ್ನು ಕಳಚಿ ಕೇಬಲನ್ನು ನೇರವಾಗಿ ಜೋಡಿಸಬೇಕು.

ಪ್ರಶ್ನಿಸಿದವರು:
ತುಂಬಾ ಧನ್ಯವಾದಗಳು, ಸರ್. ಉದ್ದದ ಕಡ್ಡಿಗಳಿವೆ, ಫಿಲ್ಟರ್ ಚಾಲೂ ಇತ್ತು. ಆಫ್ ಮಾಡಿ ಸ್ಕ್ಯಾನ್ ಮಾಡಿದೊಡನೆ 6 ಸಿಕ್ಕಿತು. ಆದರೆ ಅಡುಗೆಮನೆಯ ದೀಪ ಹಾಕಿದಾಗ ಚಿತ್ರ ಚೂರುಚೂರಾಗುತ್ತದೆ.

ಉತ್ತರ:
ಅಲ್ಲಿರುವುದು ಎಲ್‌ಇಡಿ ದೀಪಗಳಾದರೆ, ಕೆಲವು ಬಲ್ಬ್‌ಗಳ ಒಳಗಿನ ವಿದ್ಯುತ್ ಮಂಡಲ ಇದೇ ಪಟ್ಟಿಯಲ್ಲಿ ಗದ್ದಲ ಹೊರಡಿಸುತ್ತದೆ. ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಸಿಗ್ನಲ್ ಮಾಪಕವನ್ನು ತೆರೆದಿಟ್ಟು ಒಂದೊಂದೇ ಬಲ್ಬನ್ನು ಕಳಚಿ ನೋಡಿ. ಗುಣಮಟ್ಟದ ಗೆರೆ ಮೇಲೇಳುವಂತೆ ಮಾಡುವ ಬಲ್ಬನ್ನು ಬದಲಾಯಿಸಿ. ಕೇಬಲಿನ ಕನೆಕ್ಟರ್‌ಗಳು ಸಡಿಲವಾಗಿದ್ದರೂ ಆ ಗದ್ದಲ ಒಳನುಗ್ಗುತ್ತದೆ, ಅವುಗಳನ್ನೂ ಬಿಗಿಮಾಡಿ. ಕಂಬಕ್ಕೂ ಕೇಬಲಿನೊಳಗಿನ ಲೋಹದ ಕವಚಕ್ಕೂ ಇನ್ನೂ ಅರ್ಥಿಂಗ್ ಮಾಡಿಸಿಲ್ಲವಾದರೆ, ಕೇಬಲ್ ಮನೆಯೊಳಗೆ ಬರುವ ಜಾಗದಲ್ಲಿ ಗ್ರೌಂಡಿಂಗ್ ಬ್ಲಾಕ್ (ಆ ಕವಚವನ್ನು ಅರ್ಥಿಂಗ್ ತಂತಿಗೆ ಸೇರಿಸುವ ಸಣ್ಣ ಲೋಹದ ಕೂಡುಕ) ಹಾಕಿಸಿ, ತಾಮ್ರದ ತಂತಿಯಿಂದ ಮನೆಯ ಅರ್ಥಿಂಗ್‌ಗೆ ಜೋಡಿಸಲು ಎಲೆಕ್ಟ್ರಿಷಿಯನ್‌ಗೆ ಹೇಳಿ. ಇದನ್ನು ಗುಡುಗಿನ ಕಾಲಕ್ಕೆ ಮುಂಚೆಯೇ ಮಾಡಿಸಿ.